ಯಂತ್ರದ ಸದ್ದಿಗೆ ಗೆಂಡೆ ಓಡುತ್ತದೆ, ಕೊರಮೀನು ಯಾಕೆ ಓಡುವುದಿಲ್ಲ?

ವಹಿಯವಳು, ಯಾದಗಿರಿ:

ನಮ್ಮಪ್ಪ ಭೀಮಾ ನದಿಯಲ್ಲಿ ಮೀನು ಹಿಡಿಯುವವನು. ಓದು ಬರಹ ಬರುವುದಿಲ್ಲ. ಹಾಗಾಗಿ ಲೆಕ್ಕದ ವಹಿ ನನ್ನ ಕೈಯಲ್ಲಿ. ಎಂಟನೇ ಕ್ಲಾಸಿನಲ್ಲಿ ಇದ್ದಾಗ ಶುರುವಾದದ್ದು. ಈಗ ಮದುವೆಯಾಗಿ, ಯಾದಗಿರಿ ಪೇಟೆಯಲ್ಲಿ ಒಂದು ಸಣ್ಣ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಆದರೂ ದಿನಾ ಬೆಳಗ್ಗೆ ಏಳಕ್ಕೆ ಅಪ್ಪನ ಫೋನು. "ಬರಕೋ" ಅನ್ನುತ್ತಾನೆ. ಯಾವ ಮೀನು, ಎಷ್ಟು ಕೆಜಿ, ಯಾರಿಗೆ ಕೊಟ್ಟ, ಯಾರು ಬಾಕಿ. ಅಷ್ಟೇ. ಹೇಗಿದ್ದೀ ಅಂತಲೂ ಕೇಳುವುದಿಲ್ಲ.

ಹೋದ ಬೇಸಿಗೆಯಲ್ಲಿ ಅಪ್ಪ ಬಲೆ ಬಿಡುವ ಮಡುವಿನ ಮೇಲ್ಭಾಗಕ್ಕೆ ಉಸುಕು ಎತ್ತುವ ಯಂತ್ರ ಬಂತು. ದೋಣಿಯ ಮೇಲೆ ಡೀಸೆಲ್ ಎಂಜಿನ್ ಕೂರಿಸಿ, ಪೈಪನ್ನು ತಳಕ್ಕೆ ಬಿಟ್ಟು ಉಸುಕು ಹೀರುತ್ತದಲ್ಲ, ಅಂಥದ್ದು. ಯಾರದು, ಪರ್ಮಿಟ್ ಇತ್ತಾ ಇಲ್ವಾ ಅನ್ನುವ ಮಾತು ಇಲ್ಲಿ ಬೇಡ. ಊರ ಹೆಸರೂ ಬೇಡ. ನನ್ನ ಪ್ರಶ್ನೆ ಮೀನಿನದು.

ಯಂತ್ರ ಓಡಿದ ದಿನಗಳ ಮುಂದೆ ನಾನು ವಹಿಯಲ್ಲಿ "ಯಂ" ಅಂತ ಗುರುತು ಹಾಕಿದ್ದೆ. ಒಟ್ಟು 23 ದಿನ. ಮೊನ್ನೆ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಕೂತು ಕೂಡಿಸಿದೆ. ಆ 23 ದಿನ ಗೆಂಡೆ ಜಾತಿ, ಅಂದರೆ ರೋಹು, ಕಾಟ್ಲಾ, ಮೃಗಾಲ, ಸಾದಾ ಗೆಂಡೆ ಎಲ್ಲಾ ಸೇರಿ, ದಿನಕ್ಕೆ ಎರಡು ಕೆಜಿ ದಾಟಿಲ್ಲ. ಅದರ ಹಿಂದಿನ 23 ದಿನ ದಿನಕ್ಕೆ ಐದು ಕೆಜಿ ಹತ್ತಿರ. ಕೊರಮೀನು ಮಾತ್ರ ಹಾಗೇ ಇದೆ. ಆಗಲೂ ದಿನ ಬಿಟ್ಟು ದಿನ ಒಂದೋ ಎರಡೋ, ಈಗಲೂ ಅಷ್ಟೇ.

ಅಪ್ಪನನ್ನು ಕೇಳಿದರೆ "ಗೆಂಡೆಗೆ ಕಿವಿ ಭಾಳ" ಅಂದ. ಅವನ ಪ್ರಕಾರ ಅಲ್ಲಿಗೆ ಮಾತು ಮುಗಿಯಿತು.

ನನಗೆ ಮುಗಿಯಲಿಲ್ಲ. ಯಾಕೆಂದರೆ ಅಪ್ಪನೇ ಸದ್ದು ಮಾಡಿ ಮೀನು ಹಿಡಿಯುತ್ತಾನೆ. ಬಲೆ ಸುತ್ತ ಬಿಟ್ಟ ಮೇಲೆ ಹುಟ್ಟುಗೋಲಿನಿಂದ ನೀರು ಬಡಿಯುತ್ತಾನೆ, ಮೀನು ಹೆದರಿ ಬಲೆಗೆ ನುಗ್ಗುತ್ತದೆ. ಅದೇ ಮನುಷ್ಯ, ನಾನು ಚಿಕ್ಕವಳಿದ್ದಾಗ ಹರಿಗೋಲಿನಲ್ಲಿ ಕೂತು ಕಾಲು ಆಡಿಸಿದರೆ ಬೈಯುತ್ತಿದ್ದ. "ಮಾತಾಡು, ಹಾಡು, ಏನಾರ ಮಾಡು. ತಳ ಕುಟ್ಟಬ್ಯಾಡ." ಮಾತು ಕೇಳದ ಮೀನಿಗೆ ಕಾಲಿನ ಸದ್ದು ಕೇಳುತ್ತದಾ? ಗೆಂಡೆಗೆ ಕೇಳುವುದು ಕೊರಮೀನಿಗೆ ಕೇಳುವುದಿಲ್ಲವಾ? ತಿಳಿದವರು ಹೇಳಿ.


ಬಿಸಿಲು585, ಕಲಬುರಗಿ:

ಅಕ್ಕ, ಮೀನಿಗೆ ಕಿವಿ ಎಲ್ಲಿದೆ? ಇಷ್ಟು ವರ್ಷ ತಿಂದಿದ್ದೇನೆ, ಒಂದೇ ಒಂದು ಕಿವಿ ಬಾಯಿಗೆ ಸಿಕ್ಕಿಲ್ಲ.


ಕರಂಜಾ ಕಟ್ಟೆ, ಭಾಲ್ಕಿ:

ಬಿಸಿಲು ಅವರೇ, ಸಿಕ್ಕಿರುತ್ತದೆ. ಉಸುಕಿನ ಹರಳು ಅಂದುಕೊಂಡು ಉಗುಳಿರುತ್ತೀರಿ.

ಮೊದಲು ನನ್ನ ಬಗ್ಗೆ ಒಂದು ಮಾತು. ನಾನು ಮೀನುಗಾರಿಕೆ ಓದಿದವನು. ನಮ್ಮ ವಿಶ್ವವಿದ್ಯಾಲಯದ ಮುಖ್ಯ ಕಚೇರಿ ಬೀದರದಲ್ಲೇ ಇದೆ, ಮೀನುಗಾರಿಕೆ ಕಾಲೇಜು ಮಾತ್ರ ಮಂಗಳೂರಿನಲ್ಲಿ. ಬೀದರದ ಹುಡುಗ ಮೀನು ಓದಲು ಸಮುದ್ರದ ತನಕ ಹೋಗಬೇಕಾಯಿತು. ಈಗ ಊರಿಗೆ ವಾಪಸ್ ಬಂದು ಮೀನು ಮರಿ ಸಾಕುತ್ತೇನೆ.

ವಹಿಯವಳೇ, ನಿಮ್ಮ ಅಪ್ಪ ಹೇಳಿದ್ದು ಅಕ್ಷರಶಃ ಸರಿ. ಗೆಂಡೆಗೆ ಕಿವಿ ಭಾಳ.

ಮೀನಿನ ಕಿವಿ ಹೊರಗೆ ಕಾಣುವುದಿಲ್ಲ, ತಲೆಬುರುಡೆಯ ಒಳಗಿದೆ. ಅದರಲ್ಲಿ ಸುಣ್ಣದ ಸಣ್ಣ ಹರಳುಗಳಿವೆ. ಕಿವಿಗಲ್ಲು ಅನ್ನೋಣ. ಒಂದೊಂದು ಕಡೆ ಮೂರು. ಮೀನಿನ ಮೈ ಹೆಚ್ಚುಕಡಿಮೆ ನೀರಿನಷ್ಟೇ ತೂಕದ್ದು, ಹಾಗಾಗಿ ಸದ್ದು ಬಂದಾಗ ಮೈಯೂ ನೀರಿನ ಜೊತೆ ಅಲ್ಲಾಡುತ್ತದೆ. ಕಲ್ಲು ಸುಮಾರು ಮೂರು ಪಟ್ಟು ಭಾರ, ಅದು ಸ್ವಲ್ಪ ಹಿಂದೆ ಬೀಳುತ್ತದೆ. ಆ ವ್ಯತ್ಯಾಸಕ್ಕೆ ಕೆಳಗಿನ ಕೂದಲಿನಂಥ ಎಳೆಗಳು ಬಾಗುತ್ತವೆ. ಮೀನಿಗೆ ಕೇಳಿಸುತ್ತದೆ. ಇದು ಎಲ್ಲಾ ಮೀನಿಗೂ ಇರುವ ಏರ್ಪಾಡು, ನಿಮ್ಮ ಕೊರಮೀನಿಗೂ.

ಗೆಂಡೆ ಜಾತಿಗೆ ಇನ್ನೊಂದು ಜಾಸ್ತಿ ಇದೆ. ಹೊಟ್ಟೆಯೊಳಗೆ ಗಾಳಿಚೀಲ ಇರುತ್ತದಲ್ಲ, ಮೀನು ಸೀಳುವಾಗ ಬಲೂನಿನ ಹಾಗೆ ಕಾಣುವುದು. ಸದ್ದು ಬಡಿದರೆ ಆ ಚೀಲ ಡೋಲಿನ ಹಾಗೆ ಮಿಡಿಯುತ್ತದೆ. ಗೆಂಡೆಗೂ ಬಾಳೆ, ಗಿರ್ಲು, ಚೇಳ್ಮೀನಿನಂಥ ಮೀಸೆ ಮೀನುಗಳಿಗೂ ಆ ಚೀಲದಿಂದ ಕಿವಿಯ ತನಕ ಸಣ್ಣ ಎಲುಬುಗಳ ಒಂದು ಸರಪಳಿ ಇದೆ. ಜರ್ಮನಿಯ ವೇಬರ್ 1820ರಲ್ಲೇ ಅದನ್ನು ವರ್ಣಿಸಿದ, ಅದಕ್ಕೇ ಅವು ವೇಬರ್ ಎಲುಬುಗಳು. ಚೀಲದ ಮಿಡಿತ ನೇರವಾಗಿ ಕಿವಿಗೆ ಹೋಗುತ್ತದೆ. ಕೊರಮೀನಿಗೆ ಈ ಸರಪಳಿ ಇಲ್ಲ, ಜಿಲೇಬಿ ಮೀನಿಗೂ ಇಲ್ಲ. ಅವು ದಪ್ಪ ದನಿಯನ್ನಷ್ಟೇ ಚೆನ್ನಾಗಿ ಹಿಡಿಯುತ್ತವೆ. ಗೆಂಡೆ ಮೆಲ್ಲನೆಯ ಸದ್ದನ್ನೂ ಸಣ್ಣ ದನಿಯನ್ನೂ ಹಿಡಿಯುತ್ತದೆ.

ಮೀಸೆ ಮೀನಿನ ಒಂದು ಕಥೆ ಹೇಳಲೇಬೇಕು. ಜೇನುನೊಣಗಳ ಕುಣಿತದ ಭಾಷೆ ಕಂಡುಹಿಡಿದ ಕಾರ್ಲ್ ಫಾನ್ ಫ್ರಿಶ್ ಇದ್ದನಲ್ಲ, ಅವನು ಒಂದು ಕುರುಡು ಮೀಸೆ ಮೀನು ಸಾಕಿದ್ದ. ಊಟ ಕೊಡುವ ಮುಂಚೆ ಶಿಳ್ಳೆ ಹೊಡೆಯುತ್ತಿದ್ದ. ಕೆಲವು ದಿನಕ್ಕೆ ಶಿಳ್ಳೆ ಕೇಳಿದರೆ ಸಾಕು, ಮೀನು ಗೂಡಿನಿಂದ ಹೊರಗೆ ಬರುತ್ತಿತ್ತು. 1923ರಲ್ಲಿ ಅದನ್ನೇ ಬರೆದು ಪ್ರಕಟಿಸಿದ. ಅಲ್ಲಿಯ ತನಕ ಭಾಳ ಪಂಡಿತರು ಬಿಸಿಲು ಅವರ ಹಾಗೇ ಮಾತಾಡುತ್ತಿದ್ದರು.

ಇನ್ನು "ಮಾತಾಡು, ತಳ ಕುಟ್ಟಬೇಡ" ಅನ್ನುವುದು. ಗಾಳಿಯಲ್ಲಿ ಆಡಿದ ಮಾತು ನೀರಿನ ಮೇಲ್ಮೈಗೆ ಬಡಿದು ಹೆಚ್ಚುಕಡಿಮೆ ಪೂರ್ತಿ ವಾಪಸ್ ಹೋಗುತ್ತದೆ. ಒಳಗೆ ಇಳಿಯುವುದು ಸಾವಿರದಲ್ಲಿ ಒಂದು ಪಾಲು. ಹರಿಗೋಲಿನ ತಳ ನೀರಿಗೆ ಅಂಟಿಕೊಂಡಿದೆ. ಕುಟ್ಟಿದರೆ ಸದ್ದು ನೇರ ನೀರಿಗೆ. ಅಲ್ಲಿ ಅದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಬರೀ 340. ಇದನ್ನು ನಾನು ಕಾಲೇಜಿನಲ್ಲಿ ಎರಡು ಕ್ಲಾಸು ಕೂತು ಕಲಿತೆ. ನಿಮ್ಮಪ್ಪ ಮಗಳಿಗೆ ಬೈಯುತ್ತಾ ಕಲಿಸಿದ್ದಾನೆ.


ಜಾತ್ರೆ ಮಂದಿ, ಅಫಜಲಪುರ:

ಹಾಗಾದರೆ ಹೊಳೆ ದಂಡೆಯಲ್ಲಿ ಡಿಜೆ ಹಚ್ಚಿದರೆ ಮೀನಿಗೆ ಏನೂ ಆಗುವುದಿಲ್ಲ ಅಂತಾಯಿತು. ನಮ್ಮ ಮನೆ ಕಿಟಕಿ ಗಾಜು ನಡುಗುತ್ತದೆ. ಮುಂದಿನ ಜನ್ಮದಲ್ಲಿ ಮೀನಾಗಿ ಹುಟ್ಟಬೇಕು.


ಪರಸಿ ಕಲ್ಲು, ಶಹಾಬಾದ್:

ಕರಂಜಾ ಅವರ ಕಿವಿ ಪಾಠ ಚೆನ್ನಾಗಿದೆ. ಆದರೆ ನಾನು ಒಂದು ಅಡ್ಡ ಮಾತು ಹಾಕುತ್ತೇನೆ. ಉಸುಕಿನ ಯಂತ್ರ ಬರೀ ಸದ್ದು ಮಾಡುತ್ತದಾ? ತಳ ಕೆದರುತ್ತದೆ. ನೀರು ರಾಡಿ ಮಾಡುತ್ತದೆ. ಮೃಗಾಲ, ಸಾದಾ ಗೆಂಡೆ ತಿನ್ನುವುದು ತಳದಲ್ಲಿ, ಆ ತಳವನ್ನೇ ಎತ್ತಿ ಟ್ರ್ಯಾಕ್ಟರಿಗೆ ಹಾಕಿದರೆ ಅದು ಅಲ್ಲಿ ಯಾಕೆ ಇರುತ್ತದೆ? ಕೊರಮೀನು ದಂಡೆಯ ಹುಲ್ಲು, ಜೇಕಿನ ಸಂದಿಯಲ್ಲಿ ಇರುವ ಪ್ರಾಣಿ. ಮೇಲೆ ಬಂದು ಗಾಳಿ ಕುಡಿಯುತ್ತದೆ, ರಾಡಿ ನೀರಿಗೂ ಅಂಜುವುದಿಲ್ಲ. ಮೇಲಾಗಿ ಬೇಸಿಗೆ. ದಿನ ಕಳೆದಂತೆ ನೀರು ಇಳಿಯುತ್ತದೆ, ಬಿಸಿಯಾಗುತ್ತದೆ. ಮೊದಲಿನ 23 ದಿನಕ್ಕೂ ಆಮೇಲಿನ 23 ದಿನಕ್ಕೂ ಹೋಲಿಸುವುದೇ ತಪ್ಪು. ಸದ್ದಿನ ಮೇಲೆ ಎಲ್ಲಾ ಹೊರಿಸಬೇಡಿ.

ಹಾಗಂತ ಸದ್ದು ನೀರಿನಲ್ಲಿ ಓಡುವುದು ನನಗೆ ಗೊತ್ತು. ನಮ್ಮ ಕಡೆ ಪರಸಿ ತೆಗೆದು ಬಿಟ್ಟ ಹಳೇ ಕ್ವಾರಿಗಳಲ್ಲಿ ನೀರು ನಿಂತಿರುತ್ತದೆ. ಹುಡುಗರಿದ್ದಾಗ ಅಲ್ಲೇ ಈಜು. ಆಚೆ ದೂರದ ಗಣಿಯಲ್ಲಿ ಮಧ್ಯಾಹ್ನ ಬ್ಲಾಸ್ಟಿಂಗ್ ಇರುತ್ತಿತ್ತು. ಒಂದು ಸಲ ಮುಳುಗಿದ್ದಾಗ ಟಣ್ ಅಂತ ಕೇಳಿತು. ಹಿತ್ತಾಳೆ ಕೊಡಕ್ಕೆ ಯಾರೋ ಕಲ್ಲು ಹೊಡೆದ ಹಾಗೆ, ಕಿವಿಯಲ್ಲಿ ಅಲ್ಲ, ತಲೆಯ ಒಳಗೇ. ಮೇಲೆ ಬಂದು ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ಗಾಳಿಯಲ್ಲಿ ಢಂ ಬಂತು. ಆಮೇಲೆ ಅದೇ ನಮಗೆ ಆಟವಾಯಿತು. ಸಿಡಿಸುವ ಹೊತ್ತಿಗೆ ಕಾಯ್ದು ಮುಳುಗುವುದು, ಯಾರು ಎರಡೂ ಸದ್ದು ಕೇಳುತ್ತಾರೆ ಅಂತ.

ಆ ಕ್ವಾರಿಯಲ್ಲಿ ಮೀನೂ ಇದ್ದವು. ಟಣ್ ಅಂದಾಗ ಅವು ಏನು ಮಾಡುತ್ತಿದ್ದವು ಅಂತ ನಾವು ಯಾರೂ ಕಣ್ಣು ಬಿಟ್ಟು ನೋಡಲಿಲ್ಲ. ಈಗ ಬೇಜಾರಾಗುತ್ತದೆ.


ವಹಿಯವಳು, ಯಾದಗಿರಿ:

ಪರಸಿ ಅಣ್ಣ, ನಿಮ್ಮ ಮಾತು ಓದಿ ಮೊದಲು ಸಿಟ್ಟು ಬಂತು. ಆಮೇಲೆ ವಹಿ ತೆಗೆದೆ.

ಯಂತ್ರ ನಡುವೆ ಐದು ದಿನ ಸುಮ್ಮನೆ ನಿಂತಿತ್ತು. ಡೀಸೆಲ್ ದುಡ್ಡಿನ ಜಗಳವೋ ಏನೋ. ಆ ಐದು ದಿನಕ್ಕೆ ನಾನು "ಯಂ" ಹಾಕಿಲ್ಲ, ಹಾಗಾಗಿ ಕೂಡಿಸುವಾಗ ಕಣ್ಣಿಗೆ ಬಿದ್ದಿರಲಿಲ್ಲ. ಮೊದಲನೇ ರಾತ್ರಿ ಗೆಂಡೆ ಇಲ್ಲ. ಎರಡನೇ ರಾತ್ರಿ ಮೂರು ಕೆಜಿ. ಮೂರು, ನಾಲ್ಕು, ಐದನೇ ರಾತ್ರಿ ಮೊದಲಿನ ಹಾಗೇ. ಆರನೇ ದಿನ ಎಂಜಿನ್ ಶುರು, ಗೆಂಡೆ ಮತ್ತೆ ಮಾಯ. ಬೇಸಿಗೆ ಬಿಸಿಗೆ ಹೋದ ಮೀನು ಹೀಗೆ ಹೋಗಿ ಬಂದು ಮಾಡುತ್ತದಾ? ನೀರು ಇಳಿದದ್ದು ಐದು ದಿನಕ್ಕೆ ಏರುವುದಿಲ್ಲ.

ರಾಡಿಯ ಮಾತಿಗೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. ಯಂತ್ರ ನಿಂತರೆ ರಾಡಿಯೂ ಒಂದೆರಡು ದಿನಕ್ಕೆ ಕೂರುತ್ತದೆ. ಎರಡೂ ಜೊತೆಗೇ ಬಂದು ಜೊತೆಗೇ ಹೋದವು.

ಹಾಗಾಗಿ ಸದ್ದು ಇದ್ದು ರಾಡಿ ಇಲ್ಲದ್ದು ಏನಿದೆ ಅಂತ ಯೋಚಿಸಿದೆ. ಪಂಪ್‌ಸೆಟ್! ನಮ್ಮ ಮಡುವಿನ ಆಚೆ ದಂಡೆಗೆ ಸಾಲಾಗಿ ಮೋಟರ್‌ಗಳಿವೆ, ಪೈಪು ನೀರಿನಲ್ಲಿ ಇಳಿದಿದೆ. ತ್ರೀ ಫೇಸ್ ಕರೆಂಟ್ ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಅಪ್ಪನ ಬಲೆ ಸಂಜೆ ಬಿಟ್ಟು ಬೆಳಗ್ಗೆ ಎತ್ತುವುದು. ಅಂದರೆ ಒಂದು ವಾರ ಮೋಟರ್ ಸದ್ದಿನ ರಾತ್ರಿ, ಇನ್ನೊಂದು ವಾರ ಸುಮ್ಮನಿರುವ ರಾತ್ರಿ. ನಮ್ಮ ಮಾವನದೂ ಅಲ್ಲೇ ಹೊಲ, ಯಾವ ವಾರ ಯಾವ ಪಾಳಿ ಅಂತ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿರುತ್ತಾನೆ. ಅದನ್ನು ತಂದು ವಹಿಯ ಪಕ್ಕ ಇಟ್ಟುಕೊಂಡು ಕೂತೆ. ರಾತ್ರಿ ಹತ್ತೂವರೆ ಆಯಿತು. ಗಂಡ ಬಂದು "ಮೀನಿನ ಜಾತಕ ಕೂಡಿಬಂತಾ" ಅಂತ ಕೇಳಿ ಹೋದ.

ಕೂಡಿಬರಲಿಲ್ಲ! ಮೋಟರ್ ರಾತ್ರಿಗೂ ಸುಮ್ಮನಿರುವ ರಾತ್ರಿಗೂ ಗೆಂಡೆಯಲ್ಲಿ ಏನೂ ಫರಕು ಇಲ್ಲ. ಕೆಲವು ವಾರ ಮೋಟರ್ ರಾತ್ರಿಯೇ ಜಾಸ್ತಿ. ಅಲ್ಲಿಗೆ ಸದ್ದಿನ ಮಾತು ಬಿದ್ದುಹೋಯಿತು ಅಲ್ವಾ? ಪರಸಿ ಅಣ್ಣನೇ ಗೆದ್ದ.


ಕರಂಜಾ ಕಟ್ಟೆ, ಭಾಲ್ಕಿ:

ಬಿದ್ದುಹೋಗಲಿಲ್ಲ. ಗೊತ್ತಿಲ್ಲದೆಯೇ ನೀವು ಒಂದು ಒಳ್ಳೆಯ ಪ್ರಯೋಗದ ಹತ್ತಿರ ಬಂದಿದ್ದೀರಿ.

ಆಸ್ಟ್ರಿಯಾದ ವಿಯೆನ್ನಾದಲ್ಲಿ ವಿಸೋಕಿ, ಡಿಟಾಮಿ, ಲಾಡಿಚ್ ಅನ್ನುವ ಮೂವರು 2006ರಲ್ಲಿ ಒಂದು ಕೆಲಸ ಪ್ರಕಟಿಸಿದರು. ಮೂರು ಜಾತಿಯ ಸಿಹಿನೀರಿನ ಮೀನು, ಅದರಲ್ಲಿ ಒಂದು ನಮ್ಮ ಸಾದಾ ಗೆಂಡೆಯೇ. ಮೀನುಗಳಿಗೆ ಅರ್ಧ ಗಂಟೆ ಸದ್ದು ಕೇಳಿಸಿ, ಕಾರ್ಟಿಸಾಲ್ ಎಷ್ಟು ಬಂತು ಅಂತ ಅಳೆದರು. ಗಾಬರಿಯಾದರೆ ಮೈಯಲ್ಲಿ ಏರುವ ರಸ ಅದು. ಒಂದು ಸದ್ದು ಹಡಗುಗಳದು, ಏರುತ್ತಾ ಇಳಿಯುತ್ತಾ ಹೋಗುವುದು. ಇನ್ನೊಂದು ಒಂದೇ ಸಮನೆ ಸುಯ್ ಅನ್ನುವುದು. ಹಡಗಿನ ಸದ್ದಿಗೆ ಮೂರೂ ಜಾತಿಯಲ್ಲಿ ಕಾರ್ಟಿಸಾಲ್ ಏರಿತು. ಒಂದೇ ಸಮನೆ ಸದ್ದಿಗೆ ಏರಲಿಲ್ಲ.

ನಿಮ್ಮ ಮೋಟರ್ ಸಂಜೆ ಶುರುವಾದರೆ ಕರೆಂಟ್ ಹೋಗುವ ತನಕ ಒಂದೇ ಗುಂಯ್. ನಿಮ್ಮ ಉಸುಕಿನ ಯಂತ್ರ ಹಾಗಲ್ಲ. ಪೈಪಿನಲ್ಲಿ ಗರಸು ಬಂದರೆ ಏದುಸಿರು ಬಿಡುತ್ತದೆ, ಬರೀ ನೀರು ಬಂದರೆ ಕಿರುಚುತ್ತದೆ, ಕಲ್ಲು ಸಿಕ್ಕರೆ ಖಟ್ ಅನ್ನುತ್ತದೆ, ನಿಲ್ಲುತ್ತದೆ, ಮತ್ತೆ ಶುರು. ಮೀನಿಗೆ ಅದು ರೂಢಿಯಾಗುವುದು ಹೇಗೆ? ನಿಮ್ಮಪ್ಪ ಹುಟ್ಟಿನಿಂದ ನೀರು ಬಡಿಯುವುದೂ ಅದೇ. ಗಟ್ಟಿ ಅನ್ನುವುದಕ್ಕಿಂತ ಗಕ್ಕನೆ ಬರುವುದು ಮುಖ್ಯ.

ಗೆಂಡೆಯ ಸಂಬಂಧಿ ಸಿಲ್ವರ್ ಕಾರ್ಪ್ ಇದೆಯಲ್ಲ, 1959ರಲ್ಲಿ ನಮ್ಮ ದೇಶಕ್ಕೆ ತಂದದ್ದು, ಈಗ ನಮ್ಮ ಕೆರೆಗಳಿಗೂ ಬಿಡುತ್ತಾರೆ. ಅಮೆರಿಕಾದ ಇಲಿನಾಯ್ ನದಿಯಲ್ಲಿ ಅದು ವಿಪರೀತ ಬೆಳೆದಿದೆ. ಅಲ್ಲಿ ಮೋಟರ್ ದೋಣಿ ಹೋದರೆ ಸಾಕು, ಮೀನು ನೀರಿನಿಂದ ಆಳೆತ್ತರ ಜಿಗಿದು ದೋಣಿಯಲ್ಲಿದ್ದವರ ಮುಖಕ್ಕೆ ಬಡಿಯುತ್ತವೆ. ವಿಡಿಯೋ ನೋಡಿ, ನಗು ಬರುತ್ತದೆ. ಆಮೇಲೆ ದೋಣಿ ಎಂಜಿನ್ನಿನ ಸದ್ದನ್ನೇ ರೆಕಾರ್ಡ್ ಮಾಡಿ ನೀರೊಳಗೆ ಕೇಳಿಸಿ, ಆ ಮೀನನ್ನು ಹಿಂದಕ್ಕೆ ಅಟ್ಟಬಹುದಾ ಅಂತಲೂ ನೋಡಿದ್ದಾರೆ. ಕೊಳದಲ್ಲಿ ಮಾಡಿದ ಪ್ರಯೋಗದಲ್ಲಿ ಮೀನು ಸ್ಪೀಕರಿನಿಂದ ದೂರ ಓಡಿತು, ಮತ್ತೆ ಮತ್ತೆ ಓಡಿತು.

ಪರಸಿ ಅವರ ರಾಡಿಯ ಮಾತು ನಾನು ತಳ್ಳಿಹಾಕುವುದಿಲ್ಲ. ಆದರೆ ರಾಡಿ ಇಲ್ಲದೆ, ಬರೀ ಸದ್ದಿಗೇ ಬಲೆ ಖಾಲಿಯಾದದ್ದು ಸಮುದ್ರದಲ್ಲಿ ಗೊತ್ತಿರುವ ವಿಷಯ. ನಾರ್ವೆಯವರು ಬಾರೆಂಟ್ಸ್ ಸಮುದ್ರದಲ್ಲಿ ಐದು ದಿನ ಏರ್‌ಗನ್ ಹೊಡೆದು ನೋಡಿದರು. ಎಣ್ಣೆ ಹುಡುಕುವವರು ಬಳಸುವ, ನೀರೊಳಗೆ ಗಾಳಿ ಸಿಡಿಸುವ ಯಂತ್ರ ಅದು. ಸಿಡಿಸುವ ಮುಂಚೆ, ಸಿಡಿಸುವಾಗ, ನಿಲ್ಲಿಸಿದ ಮೇಲೆ, ಮೂರು ಹಂತದಲ್ಲೂ ಮೀನು ಹಿಡಿದು ಲೆಕ್ಕ ಇಟ್ಟರು. ಕಾಡ್ ಮತ್ತು ಹ್ಯಾಡಾಕ್ ಮೀನು ಎಳೆಬಲೆಗೆ ಬೀಳುವುದು ಸುಮಾರು ಅರ್ಧಕ್ಕೆ ಇಳಿಯಿತು. ನಿಲ್ಲಿಸಿ ಐದು ದಿನವಾದರೂ ಮೊದಲಿನಷ್ಟಕ್ಕೆ ಬರಲಿಲ್ಲ. 1996ರಲ್ಲಿ ಅಚ್ಚಾದ ಕೆಲಸ. ಅದನ್ನು ಮಾಡಿದವರೂ ನಿಮ್ಮ ಹಾಗೆ ವಹಿಯನ್ನೇ ಬರೆದದ್ದು, ಹಡಗು ಮಾತ್ರ ದೊಡ್ಡದು.


ಪರಸಿ ಕಲ್ಲು, ಶಹಾಬಾದ್:

ಒಪ್ಪಿದೆ, ಅರ್ಧ. ಒಂದು ಅನುಮಾನ. ಕೊರಮೀನಿಗೆ ಏನೂ ಆಗಿಲ್ಲ ತಾನೇ? ಹಾಗಾದರೆ ಸದ್ದಿದ್ದಲ್ಲಿ ಕೊರಮೀನು ಹಿಡಿಯಲಿ. ರೇಟೂ ಅದಕ್ಕೇ ಜಾಸ್ತಿ.


ಕರಂಜಾ ಕಟ್ಟೆ, ಭಾಲ್ಕಿ:

ಇಲ್ಲೇ ನಾವೆಲ್ಲ ಎಡವುವುದು. ಮೀನು ಓಡಿಹೋಗಲಿಲ್ಲ ಅಂದರೆ ಆರಾಮಾಗಿದೆ ಅಂತ ಅರ್ಥವಲ್ಲ.

ಆಸ್ಟ್ರೇಲಿಯಾದ ಹವಳದ ದಿಬ್ಬಗಳಲ್ಲಿ ಸಣ್ಣ ಡ್ಯಾಮ್ಸೆಲ್ ಮೀನುಗಳನ್ನು ಇಟ್ಟು ನೋಡಿದ್ದಾರೆ. ಮೋಟರ್ ದೋಣಿ ಓಡಾಡುವಾಗ ಅವು ಅಲ್ಲೇ ಇದ್ದವು. ಆದರೆ ಬೇಟೆಗಾರ ಮೀನು ಮೇಲೆ ಬಿದ್ದಾಗ ತಡವಾಗಿ ಎಚ್ಚೆತ್ತವು. ದೋಣಿ ಇಲ್ಲದಾಗ ಎಷ್ಟು ಸಾಯುತ್ತಿದ್ದವೋ ಅದರ ಎರಡು ಪಟ್ಟಿಗಿಂತ ಜಾಸ್ತಿ ಬೇಟೆಗಾರನ ಬಾಯಿಗೆ ಹೋದವು. 2016ರ ಕೆಲಸ. ಸದ್ದು ಒಂದು ಮೀನನ್ನೂ ಕೊಲ್ಲಲಿಲ್ಲ. ಗಮನ ಕೆಡಿಸಿತು, ಅಷ್ಟೇ.

ಸ್ಟಿಕಲ್‌ಬ್ಯಾಕ್ ಅನ್ನುವ ಬೆರಳುದ್ದದ ಮೀನು ಇನ್ನೂ ಮಜಾ. 2011ರಲ್ಲಿ ಇಬ್ಬರು ಅದಕ್ಕೆ ತಿನ್ನಲು ಹಾಕಿ, ನಡುವೆ ಸ್ವಲ್ಪ ಹೊತ್ತು ಸದ್ದು ಕೇಳಿಸಿದರು. ಮೀನು ತಿನ್ನುವುದನ್ನು ಬಿಡಲಿಲ್ಲ. ಬಾಯಿ ಹಾಕಿದ್ದು ತಪ್ಪುತ್ತಿತ್ತು, ತಿನ್ನುವುದನ್ನೂ ತಿನ್ನಬಾರದ್ದನ್ನೂ ಗುರುತಿಸುವಾಗ ಎಡವುತ್ತಿತ್ತು. ಮಿಕ್ಸರ್ ಸದ್ದಿನಲ್ಲಿ ಫೋನಿನಲ್ಲಿ ಮಾತಾಡುತ್ತಾ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕುತ್ತೇವಲ್ಲ, ಹಾಗೆ.

ಇನ್ನು ಕೊರಮೀನು. ಅದು ಮರಿ ಕಾಯುವ ಮೀನು. ದಂಡೆಯ ಹತ್ತಿರ ಕೆಂಪಗೆ ಮರಿಗಳ ಗುಂಪು ಮುದ್ದೆಯಾಗಿ ತೇಲುವುದು ವಹಿಯವಳೇ, ನೀವು ನೋಡಿಯೇ ಇರುತ್ತೀರಿ. ಕೆಳಗೆ ತಾಯಿ ತಂದೆ ಕಾವಲು. ಕಾವಲಿನ ಪ್ರಾಣಿ ಜಾಗ ಬಿಟ್ಟು ಓಡುವುದಿಲ್ಲ, ಅದಕ್ಕೆ ಓಡುವ ಹಾಗೂ ಇಲ್ಲ. ಮರಿ ಕಾಯುವ ಇನ್ನೊಂದು ಹವಳದ ಮೀನಿನ ಮೇಲೆ 2017ರಲ್ಲಿ ಬಂದ ಕೆಲಸ ಇದೆ. ಗೂಡಿನ ಹತ್ತಿರ ದೋಣಿ ಸದ್ದು ಕೇಳಿಸಿದಾಗ ಗಂಡು ಮೀನು ಸುಮ್ಮನೆ ಯಾರ ಮೇಲಾದರೂ ಎಗರುತ್ತಿತ್ತು, ಮರಿಗಳ ಜೊತೆ ಇರುವುದು ಕಡಿಮೆಯಾಯಿತು, ಕೆಲವು ಗೂಡುಗಳಲ್ಲಿ ಮರಿ ಪೂರ್ತಿ ಸತ್ತವು. ಸದ್ದಿಲ್ಲದ ಗೂಡುಗಳಲ್ಲಿ ಹಾಗಾಗಲಿಲ್ಲ. ಹಾಗಾಗಿ ಪರಸಿ ಅವರೇ, ಬಲೆಯಲ್ಲಿ ಇವತ್ತು ಎಷ್ಟು ಕೊರಮೀನು ಬಿತ್ತು ಅನ್ನುವುದು ಅರ್ಧ ಕಥೆ. ಈ ಮಳೆಗಾಲ ದಂಡೆಯಲ್ಲಿ ಎಷ್ಟು ಕೆಂಪು ಮರಿಮುದ್ದೆ ಕಂಡವು ಅಂತ ಕೇಳಬೇಕು.

ಇನ್ನೊಂದು ವಿಷಯ ಸಣ್ಣದಾಗಿ. ಮೀನುಗಳೂ ಮಾತಾಡುತ್ತವೆ. ಗಿರ್ಲು ಮೀನು ಕೈಯಲ್ಲಿ ಹಿಡಿದರೆ ರೆಕ್ಕೆಯ ಮುಳ್ಳು ತಿಕ್ಕಿ ಗಿರ್ ಗಿರ್ ಅನ್ನುತ್ತದಲ್ಲ, ಹಾಗೆ. ಅಮೆರಿಕಾದಲ್ಲಿ ಗೆಂಡೆ ಕುಲದ ಒಂದು ಚಿಕ್ಕ ಹೊಳೆಮೀನು, ಸುತ್ತ ಸದ್ದು ಜಾಸ್ತಿಯಾದರೆ ತನ್ನ ದನಿಯನ್ನೂ ಏರಿಸುತ್ತದೆ ಅಂತ 2014ರಲ್ಲಿ ತೋರಿಸಿದರು. ಸಂತೆಯಲ್ಲಿ ನಾವು ಮಾಡುವುದೂ ಅದೇ.

ವಹಿಯವಳೇ, ಒಂದು ಕೆಲಸ ಮಾಡಿ. ಹುಟ್ಟಿನ ಅಗಲ ತುದಿಯನ್ನು ನೀರಿಗೆ ಇಳಿಸಿ, ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡು ಕೇಳಿ. ಹಳೇ ಉಪಾಯ. ಲಿಯೊನಾರ್ಡೊ ಡಾ ವಿಂಚಿ ಐನೂರು ವರ್ಷದ ಹಿಂದೆಯೇ ಬರೆದಿದ್ದ, ನೀರಿಗೆ ಒಂದು ಕೊಳವೆ ಇಳಿಸಿ ಕಿವಿ ಇಟ್ಟರೆ ದೂರದ ಹಡಗು ಕೇಳುತ್ತದೆ ಅಂತ. ಮಲೇಷ್ಯಾದ ಕಡಲಿನಲ್ಲಿ ಅನುಭವಿ ಮೀನುಗಾರರು ನೀರಿಗೆ ತಲೆ ಮುಳುಗಿಸಿ ಮೀನಿನ ದನಿ ಕೇಳಿದ ಮೇಲೇ ಬಲೆ ಬಿಡುತ್ತಿದ್ದರು. ನಿಮ್ಮ ಮಡು ಹೇಗೆ ಕೇಳುತ್ತದೆ ಅಂತ ಬರೆಯಿರಿ.


ಬಿಸಿಲು585, ಕಲಬುರಗಿ:

ನಿನ್ನೆ ಮಾರ್ಕೆಟ್ಟಿನಿಂದ ರೋಹು ತಂದು ತಲೆ ಒಡೆದು ಹುಡುಕಿದೆ. ಸಿಕ್ಕಿತು. ಬಿಳಿ ಹರಳು, ಅಕ್ಕಿ ನುಚ್ಚಿನಷ್ಟು. ಹೆಂಡತಿ ಸಾರು ಬಡಿಸದೆ ನೋಡುತ್ತಾ ನಿಂತಿದ್ದಳು. ನನ್ನ ಮೊದಲಿನ ಕಾಮೆಂಟ್ ವಾಪಸ್ ತೆಗೆದುಕೊಂಡಿದ್ದೇನೆ.


ವಹಿಯವಳು, ಯಾದಗಿರಿ:

ಭಾನುವಾರ ತವರಿಗೆ ಹೋಗಿದ್ದೆ. ಅಂಗಡಿ ಶುರುವಾದ ಮೇಲೆ ಹರಿಗೋಲು ಹತ್ತಿಯೇ ಇರಲಿಲ್ಲ. ಅಪ್ಪನಿಗೆ ಹುಟ್ಟಿನ ವಿಷಯ ಹೇಳಿದೆ. "ಅದಕ್ಕೇನು ಪುಸ್ತಕ ಬೇಕಾ" ಅಂದ. ಅವನ ಅಪ್ಪ ಹಾಗೇ ಕೇಳುತ್ತಿದ್ದನಂತೆ, ರಾತ್ರಿ ಬಾಳೆ ಮೀನು ಎದ್ದಿದೆಯಾ ಇಲ್ವಾ ಅಂತ. ಇಷ್ಟು ವರ್ಷ ಒಂದು ದಿನವೂ ಹೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಅಂದ.

ಮಡುವಿನ ನಡುವೆ ಹೋಗಿ ಹುಟ್ಟು ಇಳಿಸಿದೆವು. ಮೊದಲು ನನಗೆ ನನ್ನ ರಕ್ತದ ಸದ್ದೇ ಕೇಳಿತು ಅನಿಸುತ್ತದೆ. ಆಮೇಲೆ ಒಂದು ಸಣ್ಣ ಗುಂಯ್. ಅದು ಆಚೆ ದಂಡೆಯ ಮೋಟರ್. ಗಾಳಿಯಲ್ಲಿ ಅದು ಕೇಳುವುದೇ ಇಲ್ಲ ಅನ್ನುವಷ್ಟು ದೂರ. ಕೇಳುತ್ತಾ ಕೇಳುತ್ತಾ ಅದು ಇದೆ ಅನ್ನುವುದೇ ಮರೆತುಹೋಯಿತು. ಗೆಂಡೆಗೂ ಹೀಗೇ ಆಗಿರಬೇಕು ಅಂದುಕೊಳ್ಳುವಷ್ಟರಲ್ಲಿ ಟಪ್ ಅಂತ ಒಂದು ಏಟು. ಹಲ್ಲು ಜುಂ ಅಂದಿತು. ಹುಟ್ಟು ಕೈಬಿಟ್ಟು ತಿರುಗಿ ನೋಡಿದರೆ, ಈಚೆ ದಂಡೆಯಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದಾರೆ. ಆ ಕಲ್ಲಿನ ಬುಡ ನೀರೊಳಗಿದೆ. ಅದರ ಮೇಲೆ ಸೀರೆ ಬೀಸಿ ಬಡಿದರೆ ಮಡುವಿನ ತುಂಬಾ ಕೇಳುತ್ತದೆ. ನಾನೂ ಅದೇ ಕಲ್ಲಿನ ಮೇಲೆ ಹತ್ತು ವರ್ಷ ಬಡಿದಿದ್ದೇನೆ.

ಅಪ್ಪನ ಕೈಗೆ ಕೊಟ್ಟೆ. ಅವನು ಕಣ್ಣು ಮುಚ್ಚಿ ಭಾಳ ಹೊತ್ತು ಕೇಳಿದ. ಯಂತ್ರ ಈ ಸಲ ಇನ್ನೂ ಬಂದಿಲ್ಲ, ಬರುತ್ತದೆ ಅಂತ ಊರಲ್ಲಿ ಮಾತಿದೆ. ಬಂದರೆ ಅದು ಓಡುವಾಗ ಮತ್ತೊಮ್ಮೆ ಹೀಗೇ ಕೇಳಬೇಕು ಅಂದ. ಎಷ್ಟು ದೂರದ ತನಕ ಕೇಳುತ್ತದೆ ನೋಡಿ, ಅಲ್ಲಿಂದ ಆಚೆ ಬಲೆ ಬಿಡುತ್ತಾನಂತೆ. ಕರಂಜಾ ಅಣ್ಣ ಕೇಳಿದ ಮರಿಮುದ್ದೆಯ ಮಾತನ್ನೂ ಹೇಳಿದೆ. ಹೋದ ಮಳೆಗಾಲ ಎರಡೇ ಕಂಡಿದ್ದ. ಅದರ ಹಿಂದಿನ ವರ್ಷ? ಅವನಿಗೆ ನೆನಪಿಲ್ಲ, ನಾನೂ ಬರೆದಿಲ್ಲ. ಮಾರುವ ಮೀನು ಮಾತ್ರ ವಹಿಗೆ ಬರುತ್ತಿತ್ತು.

ಪರಸಿ ಅಣ್ಣ, ರಾಡಿಗೂ ಒಂದು ಕಾಲಂ ಹಾಕಿದ್ದೇನೆ. ಗಾಜಿನ ಬಾಟಲಿಯಲ್ಲಿ ನೀರು ತುಂಬಿ ಕಿಟಕಿಗೆ ಹಿಡಿದು ನೋಡುವುದು. ತಿಳಿ, ಅರ್ಧ, ರಾಡಿ, ಮೂರೇ ಮಾತು. ಪಕ್ಕದಲ್ಲಿ ಸದ್ದಿಗೆ ಒಂದು ಕಾಲಂ, ಮರಿಗೆ ಒಂದು.

ಇವತ್ತು ಬೆಳಗ್ಗೆ ಏಳಕ್ಕೆ ಫೋನ್ ಬಂತು. "ಬರಕೋ. ರೋಹು ಮೂರು, ಕಾಟ್ಲಾ ಒಂದು, ಕೊರಮೀನು ಇಲ್ಲ. ನೀರು ತಿಳಿ. ಸದ್ದು, ಮೋಟರ್ ರಾತ್ರಿ ಪೂರಾ, ಐದಕ್ಕೆ ಬಂದ್. ಆರಕ್ಕೆ ನಿಮ್ಮವ್ವ ಬಟ್ಟೆ ಒಗದಳು, ಅದನ್ನೂ ಬರಕೋ."